ತತ್ತಿ ಗಾಡಿಯ ಮುಂದಿನ ಶಾಕಪ್

ಬಾನೆಟ್ ಮೇಲೆ ಕೈಯಿಟ್ಟು ಒಂದು ಸಲ ಒತ್ತದೆ ನಾನು ಯಾವ ಕಾರನ್ನೂ ದಾಟಿ ಹೋದವನಲ್ಲ. ಗ್ಯಾರೇಜಿನಲ್ಲಿ ಮಾತ್ರವಲ್ಲ, ರೈಲ್ವೆ ಸ್ಟೇಷನ್ ಮುಂದೆ, ಆಸ್ಪತ್ರೆ ಮುಂದೆ, ಎಲ್ಲಿ ಕಾರು ನಿಂತಿದ್ದರೂ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ತಂಗಿಯ ಮಗಳ ಮದುವೆಯಲ್ಲಿ ಹೂವಿನಿಂದ ಸಿಂಗರಿಸಿ ನಿಲ್ಲಿಸಿದ್ದ ಮದುಮಗನ ಕಾರನ್ನು ಹೀಗೆಯೇ ಒತ್ತಿದೆ. ಹಾರವೆಲ್ಲ ಜಾರಿ ನೆಲಕ್ಕೆ ಬಿತ್ತು. ಬೀಗರು ಗಾಬರಿಯಾಗಿ, "ಇವ್ರು ಯಾರ್ರೀ?" ಎಂದು ಕೇಳಿದರು. ಪಕ್ಕದಲ್ಲೇ ನಿಂತಿದ್ದ ನನ್ನ ಹೆಂಡತಿ, "ಯಾರೋ ಏನೋ, ನನಗ ಗೊತ್ತಿಲ್ರಿ" ಎಂದುಬಿಟ್ಟಳು.

ಈ ಮೆಕ್ಯಾನಿಕ್ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರಿಗೆ ಮೊದಲ ಪಾಠವೇ ಇದು. ಕಾರಿನ ಮೂತಿಯನ್ನು ಒತ್ತಿ ಬಿಡಿ. ಒಮ್ಮೆ ಮೇಲೆದ್ದು ಸುಮ್ಮನೆ ಕೂತರೆ ಶಾಕಪ್, ಅಂದರೆ ಶಾಕ್ ಅಬ್ಸಾರ್ಬರ್, ಜೀವಂತವಾಗಿದೆ. ಕುಣಿಯುತ್ತಲೇ ಇದ್ದರೆ ಅದರ ಕಥೆ ಮುಗಿದಿದೆ. ಒತ್ತಿದರೂ ಅಲುಗದಿದ್ದರೆ ಯಾರೋ ಬುದ್ಧಿವಂತ ಅದನ್ನು ಗಟ್ಟಿ ಮಾಡಿಟ್ಟಿದ್ದಾನೆ ಎಂದು ತಿಳಿಯಿರಿ. ಆದರೆ ಒಂದು ಮಾತು. ನಮ್ಮ ರಾಯಚೂರಿನಲ್ಲಿ ಒಬ್ಬ ಒತ್ತಿದ್ದನ್ನು ಕಂಡ ಇನ್ನೊಬ್ಬ ಸುಮ್ಮನೆ ನಿಲ್ಲುವುದಿಲ್ಲ. ಚಹಾ ತಂದವನು ಲೋಟ ಕೆಳಗಿಟ್ಟು ಒತ್ತುತ್ತಾನೆ, ಆಟೋದವನು ಇಳಿದು ಬಂದು ಒತ್ತುತ್ತಾನೆ, ದಾರಿ ಕೇಳಲು ನಿಂತವನೂ ಒಮ್ಮೆ ಒತ್ತಿ, "ಪರವಾಗಿಲ್ಲ, ಚಲೋ ಅದ" ಎಂದು ಹೇಳಿಯೇ ಮುಂದೆ ಹೋಗುತ್ತಾನೆ. ಈ ಒತ್ತುವ ಚಟ ಒಮ್ಮೆ ಒಬ್ಬ ಹೆಣ್ಣುಮಗಳ ಅನ್ನಕ್ಕೇ ಕಲ್ಲು ಹಾಕಲು ಹೋಗಿತ್ತು. ಮೊಣಕಾಲು ಕೈಕೊಟ್ಟು ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ನನಗೆ ಹೆಚ್ಚು ನೆನಪಾಗುವುದು ಅದೇ ಗಾಡಿ.

ಅದಕ್ಕೂ ಮೊದಲು ನನ್ನ ಉಸ್ತಾದರ ವಿಷಯ ಹೇಳಬೇಕು. ಮಹಬೂಬ್ ಉಸ್ತಾದ್ ನನ್ನ ಗುರು, ಗ್ಯಾರೇಜಿನ ಮಾಲೀಕರೂ ಅವರೇ. ನಮ್ಮೂರಿನ ಹಳೆಯ ಗ್ಯಾರೇಜುಗಳೆಲ್ಲ ಲಾರಿಯ ಕೆಲಸದಿಂದ ಬೆಳೆದವು. ಅಕ್ಕಿ ಗಿರಣಿಯ ಲಾರಿ, ಹತ್ತಿ ತುಂಬಿದ ಲಾರಿ. ಹೇರು ಹೆಚ್ಚಾಗಿ ಸ್ಪ್ರಿಂಗಿನ ಪಟ್ಟಿ ಬಾಗಿದರೆ ಇನ್ನೊಂದು ಪಟ್ಟಿ ಸೇರಿಸು, ಅದೂ ಬಾಗಿದರೆ ಮತ್ತೊಂದು ಸೇರಿಸು, ಅಷ್ಟೇ ವಿದ್ಯೆ. ಉಸ್ತಾದರ ಬಾಯಲ್ಲಿ ಒಂದೇ ಮಾತು, "ಮಜಬೂತ್ ಇರ್ಬೇಕು." ಗಾಡಿಗೂ ಅದೇ, ಚಹಾಕ್ಕೂ ಅದೇ, ಮಗಳಿಗೆ ನೋಡಿದ ವರನಿಗೂ ಅದೇ.

ಮುಂದಿನ ಗಾಲಿ ಎಳೆಯುವ ಸಣ್ಣ ಕಾರು ನಮ್ಮ ಗ್ಯಾರೇಜಿಗೆ ಮೊದಲ ಸಲ ಬಂದ ದಿನ ಉಸ್ತಾದ್ ಅದರ ಕೆಳಗೆ ತೂರಿಕೊಂಡರು. ಲಾರಿಯಲ್ಲಿ ಎಂಜಿನ್ನಿನಿಂದ ಹಿಂದಿನ ಗಾಲಿಯವರೆಗೆ ಉದ್ದನೆಯ ದಂಡ ಇರುತ್ತದಲ್ಲ, ಅದನ್ನು ಹುಡುಕುತ್ತಿದ್ದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಕೊನೆಗೆ ಕಾರಿನ ಮಾಲೀಕರಾದ ಡಾಕ್ಟರರ ಕಾಲ ಬಳಿ ತಲೆ ಹೊರಹಾಕಿ, "ಡಾಕ್ಟರ್ ಸಾಹೇಬ್ರ, ತಪ್ಪ್ ತಿಳ್ಕೋಬ್ಯಾಡ್ರಿ, ನಿಮ್ಮ ಗಾಡಿ ದಂಡ ಯಾರೋ ಹೊಡ್ಕೊಂಡು ಹೋಗ್ಯಾರ!" ಎಂದರು.

"ಹಂಗಾರ ಇಲ್ಲಿತನಕ ಹೆಂಗ್ ಬಂತ್ರಿ ಗಾಡಿ?" ಡಾಕ್ಟರರು ಕೇಳಿದರು.

ಉಸ್ತಾದ್ ಸ್ವಲ್ಪ ಯೋಚಿಸಿ, "ನಿಮ್ಮ ಮನಿ ಕಡಿಂದ ಇಳಿಜಾರು ಅದಲ್ರಿ" ಎಂದರು.

ದಂಡವೇ ಇಲ್ಲದ ಕಾರು ಎಂಬುದನ್ನು ಅವರಿಗೆ ಒಪ್ಪಿಸಲು ನನಗೆ ಆ ದಿನವೆಲ್ಲ ಹಿಡಿಯಿತು. ಎಂಜಿನ್ ಮುಂದೆ, ಎಳೆಯುವ ಗಾಲಿ ಮುಂದೆ, ತಿರುಗುವ ಗಾಲಿಯೂ ಅದೇ. ಹಿಂದಿನ ಗಾಲಿಗಳು ಸುಮ್ಮನೆ ಜೊತೆಗೆ ಬರುತ್ತವೆ. ಅಂದಮೇಲೆ ಎಲ್ಲ ಕಷ್ಟವೂ ಸ್ಪ್ರಿಂಗ್, ಶಾಕಪ್ ಸೇರಿದ ಮುಂದಿನ ಸಸ್ಪೆನ್ಷನ್‌ನ ತಲೆಯ ಮೇಲೆಯೇ. ಉಸ್ತಾದ್ ಎಲ್ಲ ಕೇಳಿಸಿಕೊಂಡು, "ಹಂಗಾರ ಮುಂದಿಂದು ಇನ್ನೂ ಮಜಬೂತ್ ಮಾಡ್ಬೇಕು" ಎಂದರು. ನಾನು ಹಣೆ ಬಡಿದುಕೊಂಡೆ.

ಈ ಮಜಬೂತಿನಿಂದ ಮಾನ್ವಿಯ ಒಬ್ಬ ವಕೀಲರು ಚೆನ್ನಾಗಿ ಅನುಭವಿಸಿದರು. ಜೀಪಿನ ಜನ ತಮ್ಮ ಸಣ್ಣ ಕಾರನ್ನು ಮೇಲಿಂದ ಕೆಳಗೆ ನೋಡುತ್ತಾರೆ ಎಂಬುದು ಅವರ ಸಂಕಟ. ಉಸ್ತಾದ್ ಮುಂದಿನ ಸ್ಪ್ರಿಂಗಿನ ಸುರುಳಿಗಳ ನಡುವೆ ದಪ್ಪ ರಬ್ಬರ್ ತುರುಕಿ ಮೂತಿಯನ್ನು ಎತ್ತರಿಸಿದರು. ಕಾರು ಒಂಟೆಯ ಹಾಗೆ ಆಕಾಶ ನೋಡತೊಡಗಿತು. "ಸಾಹೇಬ್ರ, ಇಷ್ಟು ಎತ್ತಿದ್ರ ಗಾಲಿಗಿ ಹೋಗೋ ಸಣ್ಣ ದಂಡ ಎಳದಂಗ ಆಗ್ತದ, ತಿರುವಿನ್ಯಾಗ ಕಳಚಿ ಬರ್ತದ" ಎಂದು ನಾನು ಬಡಿದುಕೊಂಡೆ. ವಕೀಲರು ನನ್ನನ್ನು ಎದುರು ಪಾರ್ಟಿಯ ಸಾಕ್ಷಿಯ ಹಾಗೆ ನೋಡಿ ಹೊರಟುಹೋದರು. ಕೆಲವೇ ದಿನಕ್ಕೆ ಮಾನ್ವಿ ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಆ ದಂಡ ಕಳಚಿತು. ಹಿಂದೆ ಬಸ್ಸುಗಳ ಸಾಲು, ಹಾರ್ನಿನ ಗದ್ದಲ, ಮುಂದೆ ವಕೀಲರು.

"ಉಸ್ತಾದ್, ಗಾಡಿ ಭಾಳ ಒದರತದ, ಆದ್ರ ಮುಂದ ಹೋಗವಲ್ದು!" ಎಂದು ಫೋನ್ ಬಂತು.

"ವಕೀಲ್ರ ಗಾಡಿ ಅಲ್ಲೇನ್ರಿ, ಒದರತದ ಅಷ್ಟ" ಎಂದು ಉಸ್ತಾದ್ ಫೋನ್ ಇಟ್ಟರು. ಬಿಚ್ಚಿ ಜೋಡಿಸಲು ಮಾನ್ವಿಗೆ ಹೋದವನು ನಾನೇ.

ಇಂಥ ಗ್ಯಾರೇಜಿಗೆ ಸುಜಾತಾ ತನ್ನ ಗಾಡಿ ತಂದಳು. ಅವಳ ತಾಯಿ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರು. ಇವಳು ಪಿಯುಸಿ ಮುಗಿಸಿ, ಬಟ್ಟೆ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಚ್ಚಿ ಮಡಚಿ, ಆಮೇಲೆ ಡ್ರೈವಿಂಗ್ ಕಲಿತು ಒಂದು ಹಳೆಯ ಸಣ್ಣ ಕಾರು ಕೊಂಡಿದ್ದಳು. ಆ ಕಾರಿನಲ್ಲಿ ರಾಯಚೂರಿನಿಂದ ದೇವದುರ್ಗದ ದಾರಿಯ ಶಾಲೆಗಳಿಗೆ ಬಿಸಿಯೂಟದ ತತ್ತಿ ಮುಟ್ಟಿಸುವುದು ಅವಳ ಕೆಲಸ. ಹಿಂದೆ ಇಟ್ಟರೆ ಗಾಡಿ ಎತ್ತಿ ಒಗೆಯುತ್ತದೆ ಎಂದು ತಾನೇ ಕಂಡುಕೊಂಡು, ಡ್ರೈವರ್ ಪಕ್ಕದ ಸೀಟು ಕಿತ್ತು, ಅಲ್ಲಿ ಹತ್ತಿಯ ಹಾಸಿಗೆ ಹಾಸಿ, ಅದರ ಮೇಲೆ ಟ್ರೇ ಜೋಡಿಸುತ್ತಿದ್ದಳು. ಅಷ್ಟಾದರೂ ತತ್ತಿ ಒಡೆಯುತ್ತಿದ್ದವು.

"ಮೇಸ್ತ್ರಿ, ಮುಂದಿನ ಸಸ್ಪೆನ್ಷನ್ ಅಪ್‌ಗ್ರೇಡ್ ಮಾಡ್ರಿ" ಎಂದಳು. ಫೋನಿನಲ್ಲಿ ನೋಡಿಕೊಂಡು ಬಂದಿದ್ದಳು. "ಮಸರಕಲ್ ಆಚಿ ಸಾಲ್ಯಾಗ ಒಬ್ರು ಹೆಡ್ ಮಾಸ್ತರ್ ಅದಾರ. ಬಾನೆಟ್ ಮ್ಯಾಲ ಹಸಿ ಗೋಣಿಚೀಲ ಹಾಸಿಸಿ, ಅದ್ರ ಮ್ಯಾಲ ಟ್ರೇ ಇಡಿಸಿ, ಒಂದೊಂದ ತತ್ತಿ ಬಿಸಿಲಿಗಿ ಹಿಡಿದು ನೋಡ್ತಾರ. ಕೂದಲಿನಷ್ಟು ಬಿರುಕಿದ್ರೂ ಟ್ರೇನ ವಾಪಸ್. ಇನ್ನೊಂದ್ ಸಲ ವಾಪಸ್ ಬಂತಂದ್ರ ಈ ಲೈನ್ ಗೂಡ್ಸ್ ಆಟೋದವ್ನಿಗಿ ಕೊಡ್ತೀನಿ ಅಂದಾರ ನಮ್ಮ ತತ್ತಿ ಸಾವ್ಕಾರ್ರು. ನಾ ಮತ್ತ ಸೀರಿ ಮಡಚಾಕ ಹೋಗಂಗಿಲ್ರಿ. ಸತ್ರೂ ಹೋಗಂಗಿಲ್ಲ."

ನಾನು ಬಾನೆಟ್ ಒತ್ತಿದೆ. ಮೂತಿ ಕುಣಿಯಲು ಶುರುವಾದದ್ದು ನಿಲ್ಲಲೇ ಇಲ್ಲ. ಉಸ್ತಾದ್ ಬಂದು ಒತ್ತಿದರು, ಚಹಾದವನು ಒತ್ತಿದ, ಪಂಕ್ಚರ್ ಅಂಗಡಿಯವನು ರಸ್ತೆ ದಾಟಿ ಬಂದು ಒತ್ತಿದ. "ಗಾಡಿ ನೋಡಾಕ ತಂದೀನಿ, ಮಾಲೀಸ್ ಮಾಡಾಕಲ್ಲ" ಎಂದು ಸುಜಾತಾ ರೇಗಿದಳು.

ನನ್ನ ದುರ್ದೈವ, ಮರುದಿನ ನಾನು ಗ್ಯಾರೇಜಿನಲ್ಲಿ ಇರಲಿಲ್ಲ. ಬಿಡಿಭಾಗ ತರಲು ಹೋಗಿದ್ದೆ. ಉಸ್ತಾದ್ ಅಪ್‌ಗ್ರೇಡ್ ಎಂದರೆ ಮಜಬೂತ್ ಎಂದು ಅರ್ಥಮಾಡಿಕೊಂಡು, ಯಾವುದೋ ದೊಡ್ಡ ಗಾಡಿಯ ದಪ್ಪ ಸ್ಪ್ರಿಂಗನ್ನು ಕೊಯ್ದು ಅವಳ ಗಾಡಿಗೆ ಕೂಡಿಸಿದ್ದರು. ನಾನು ಬಂದು ಒತ್ತಿದರೆ ಬಾನೆಟ್ ಬಂಡೆಗಲ್ಲು. "ಆನಿ ಬಂದು ಕುಂತ್ರೂ ಬಗ್ಗಂಗಿಲ್ಲ" ಎಂದು ಉಸ್ತಾದ್ ಮೀಸೆ ತಿರುವಿದರು. ಆನೆಗಳು ತತ್ತಿ ಗಾಡಿಯಲ್ಲಿ ಯಾಕೆ ಕೂರುತ್ತವೆ ಎಂದು ಯಾರೂ ಅವರನ್ನು ಕೇಳಲಿಲ್ಲ.

ಸುಜಾತಾ ಹೋದ ದಿನವೇ ವಾಪಸ್ ಬಂದಳು. ಹತ್ತಿಯ ಹಾಸಿಗೆಯೆಲ್ಲ ಹಳದಿಯಾಗಿತ್ತು, ಗಾಡಿಯ ತುಂಬ ಹಸಿ ತತ್ತಿಯ ವಾಸನೆ. ಪುಣ್ಯಕ್ಕೆ ಆ ದಿನ ಅವಳು ಶಾಲೆಯವರೆಗೆ ಹೋಗಿಯೇ ಇರಲಿಲ್ಲ. ಅರ್ಧ ದಾರಿಯಲ್ಲೇ ಅಳುತ್ತ ಗಾಡಿ ತಿರುಗಿಸಿ, ಬೇರೆ ಟ್ರೇ ಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ ಮುಟ್ಟಿಸಿ ಬಂದಿದ್ದಳು. "ಉಸ್ತಾದ್ರ, ನೀವು ಗಾಡಿ ಮಾಡೀರೋ ರುಬ್ಬೋ ಕಲ್ಲು ಮಾಡೀರೋ?" ಎಂದು ಕೇಳಿದಳು. ಉಸ್ತಾದರ ಬಾಯಿ ಮುಚ್ಚಿಸಿದವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನನಗೆ ಖುಷಿಯಾಗಬೇಕಿತ್ತು. ಆದರೆ ಆ ಹುಡುಗಿಯ ಕೆಂಪಾದ ಕಣ್ಣು ನೋಡಿ ಸ್ಪ್ಯಾನರ್ ಕೈಗೆತ್ತಿಕೊಂಡೆ.

"ಉಸ್ತಾದ್, ಈ ಗಾಡಿ ನನಗ ಬಿಡ್ರಿ" ಎಂದೆ.

"ಮೆತ್ತಗ ಮಾಡಿ ನನ್ನ ಗ್ಯಾರೇಜ್ ಹೆಸರು ಕೆಡಸ್ತಿ."

"ಕೆಟ್ರ ನನ್ನ ಹೆಸರು ಹೇಳ್ರಿ."

ಇನ್ನು ಕೆಲಸದ ಮಾತು, ಹುಡುಗರೇ, ಇಲ್ಲಿ ಕಿವಿಗೊಡಿ. ಸ್ಪ್ರಿಂಗಿನ ಕೆಲಸ ಹೊಡೆತ ತಿನ್ನುವುದು. ಶಾಕಪ್‌ನ ಕೆಲಸ ಆಮೇಲಿನ ಕುಣಿತ ನಿಲ್ಲಿಸುವುದು. ಸ್ಪ್ರಿಂಗ್ ಗಟ್ಟಿಯಾದರೆ ಅದು ತಿನ್ನದ ಹೊಡೆತವನ್ನೆಲ್ಲ ತತ್ತಿ ತಿನ್ನುತ್ತದೆ. ನಾನು ಆ ಗಾಡಿಗೆ ಅದರದೇ ಅಳತೆಯ ಹೊಸ ಸ್ಪ್ರಿಂಗ್ ಹಾಕಿದೆ, ಒಳ್ಳೆಯ ಗ್ಯಾಸ್ ಶಾಕಪ್ ಹಾಕಿದೆ. ಶಾಕಪ್ ತಲೆಯ ರಬ್ಬರ್ ಹರಿದಿತ್ತು, ಅದನ್ನೂ ಬದಲಿಸಿದೆ. ಗಾಲಿಯನ್ನು ಹಿಡಿದಿಡುವ ಕೆಳಗಿನ ತೋಳಿನ ರಬ್ಬರ್ ಬುಷ್‌ಗಳು ಸವೆದು ಹೋಗಿದ್ದವು, ಅವೂ ಹೊಸವು. ಉಸ್ತಾದ್ ಕಲ್ಲಿನ ಹಾಗೆ ತುಂಬಿದ್ದ ಟಯರಿನ ಗಾಳಿಯನ್ನು ಬೇಕಾದಷ್ಟಕ್ಕೆ ಇಳಿಸಿದೆ. ಬರೀ ಶಾಕಪ್ ಬದಲಿಸಿ ಅಪ್‌ಗ್ರೇಡ್ ಎನ್ನುವವರನ್ನು ನಂಬಬೇಡಿ.

ಇಷ್ಟು ಮಾಡಿಯೂ ಒಂದು ಎಡವಟ್ಟು ಮಾಡಿದೆ. ಗಾಡಿ ಜಾಕಿನ ಮೇಲೆ, ಗಾಲಿಗಳು ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬುಷ್‌ನ ಬೋಲ್ಟು ಬಿಗಿದುಬಿಟ್ಟೆ. ಗಾಲಿ ನೆಲಕ್ಕೆ ತಾಗಿ ಗಾಡಿಯ ಭಾರ ಬಿದ್ದ ಮೇಲೆಯೇ ಅದನ್ನು ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡು ಒಂದೇ ಸಮನೆ ಕಿಚಕಿಚ ಎನ್ನುತ್ತದೆ. ಸುಜಾತಾ ಒಂದು ಸುತ್ತು ಹೊಡೆದು ಬಂದು, "ಗಾಡ್ಯಾಗ ಇಲಿ ಸೇರ್ಯಾದ್ರಿ, ತತ್ತಿ ವಾಸನಿಗಿ" ಎಂದಳು. ಚಹಾದವನು ಇಲಿ ಹಿಡಿಯಲು ಬೋನನ್ನೂ ತಂದ. ಇಲಿ ನಾನೇ ಎಂದು ಹೇಳದೆ ಸುಮ್ಮನೆ ಬೋಲ್ಟು ಸಡಿಲಿಸಿ, ಗಾಡಿ ಇಳಿಸಿ, ಮತ್ತೆ ಬಿಗಿದೆ.

ಕೊನೆಗೆ ಗಾಲಿಗಳ ಓಟ, ಅಂದರೆ ಅಲೈನ್‌ಮೆಂಟ್, ಸರಿಪಡಿಸಬೇಕಿತ್ತು. ಉಸ್ತಾದರ ಕಾಲದಲ್ಲಿ ಇದಕ್ಕೆ ಒಂದು ದಾರ ಸಾಕು. ಹಿಂದಿನ ಗಾಲಿಯಿಂದ ಮುಂದಿನ ಗಾಲಿಗೆ ದಾರ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ ತೀರ್ಪು ಕೊಡುತ್ತಿದ್ದರು. ಈಗ ಕಂಪ್ಯೂಟರ್ ಬಂದಿದೆ. ಗಾಡಿಯನ್ನು ಆ ಕಂಪ್ಯೂಟರ್ ಇರುವ ಅಂಗಡಿಗೆ ಒಯ್ದಾಗ ಉಸ್ತಾದ್ ಜೊತೆಗೇ ಬಂದರು, ಜೇಬಿನಲ್ಲಿ ದಾರವೂ ಬಂತು. ಕಂಪ್ಯೂಟರ್ ತನ್ನ ಕೆಲಸ ಮುಗಿಸಿದ ಮೇಲೆ ಇವರು ದಾರ ಹಿಡಿದು, ಕಣ್ಣು ಮುಚ್ಚಿ, "ಕಂಪ್ಯೂಟರ್ ಚಲೋ ಅದ, ತಪ್ಪಿಲ್ಲ" ಎಂದು ಅದಕ್ಕೆ ಸರ್ಟಿಫಿಕೇಟ್ ಕೊಟ್ಟರು. ಅಂಗಡಿಯ ಹುಡುಗಿ ಪಾಪ ಥ್ಯಾಂಕ್ಸ್ ಎಂದಳು.

ಮರುದಿನ ಮುಂಜಾನೆ ಪರೀಕ್ಷೆ. ಸುಜಾತಾ ಚಾಲಕಿ, ಪಕ್ಕದಲ್ಲಿ ಟ್ರೇಗಳ ಗೋಪುರ, ಹಿಂದೆ ನಾನು ಮತ್ತು ಉಸ್ತಾದ್. ಉಸ್ತಾದ್ ಹಠ ಹಿಡಿದು ಒಂದು ಟ್ರೇಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು. "ಅವು ಹಾಸಿಗಿ ಮ್ಯಾಲ ಅದಾವ, ಒಡೀಲಿಕ್ಕಿಲ್ಲ. ಇವು ನೋಡು, ಮೊದಲ ತಗ್ಗಿನ್ಯಾಗ ನನ್ನ ಪೈಜಾಮ ಹಳದಿ ಆಗ್ತದ" ಎಂದರು. ತಮ್ಮ ಪೈಜಾಮ ಕೆಟ್ಟರೂ ಚಿಂತೆಯಿಲ್ಲ, ನನ್ನ ಮೆತ್ತನೆಯ ಸ್ಪ್ರಿಂಗ್ ಸೋಲಬೇಕು, ಅಷ್ಟು ಹಠ.

ಊರು ದಾಟಿದ ಮೇಲೆ ಮೊದಲ ತಗ್ಗು ಬಂತು. ನಾನು ಕಣ್ಣು ಮುಚ್ಚಿದೆ. ಮೂತಿ ಇಳಿಯಿತು, ಎದ್ದಿತು, ಸುಮ್ಮನಾಯಿತು. ಸುಜಾತಾ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಎರಡನೆಯದು ಬಂತು, ಆಮೇಲೆ ಡಾಂಬರೇ ಇಲ್ಲದ ತುಂಡು ರಸ್ತೆ, ಟ್ರ್ಯಾಕ್ಟರ್ ಗಾಲಿ ಕೊರೆದ ಜಾಡುಗಳು. ಒಂದೊಂದು ಸಲವೂ ಮುಂದಕ್ಕೆ ಬಾಗಿ ಟ್ರೇಗಳನ್ನು ನೋಡುತ್ತಿದ್ದೆ. ಕೆಲಸ ಮಾಡುವಾಗ ಎಂದೂ ಇಷ್ಟು ಹೆದರಿದವನಲ್ಲ ನಾನು. ಪಕ್ಕದಿಂದ ಉಸ್ತಾದರ ಟೀಕೆ ಏನೂ ಬರಲಿಲ್ಲವಲ್ಲ ಎಂದು ತಿರುಗಿ ನೋಡಿದರೆ, ತತ್ತಿ ಟ್ರೇಯನ್ನು ಮೊಮ್ಮಗನ ಹಾಗೆ ಎರಡೂ ಕೈಯಲ್ಲಿ ತಬ್ಬಿಕೊಂಡು, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದರು.

"ಮೇಸ್ತ್ರಿ, ಉಸ್ತಾದ್ರು ನಿದ್ದಿ ಮಾಡಾಕತ್ತಾರ!" ಸುಜಾತಾ ಪಿಸುಗುಟ್ಟಿದಳು.

"ಎಬ್ಬಿಸ್ಬ್ಯಾಡವ್ವಾ. ನಮ್ಮ ಸರ್ಟಿಫಿಕೇಟ್ ಅದು" ಎಂದೆ.

ಮಸರಕಲ್ ದಾಟಿ ಆ ಹಳ್ಳಿಯ ಶಾಲೆಯ ಅಂಗಳದಲ್ಲಿ ಗಾಡಿ ನಿಂತಿತು, ಉಸ್ತಾದ್ ಟ್ರೇ ತಬ್ಬಿಕೊಂಡು ಒಳಗೇ ಮಲಗಿದ್ದರು. ಊರಿನ ಹೆಸರು ಬೇಡ, ಹೆಡ್ ಮಾಸ್ತರರು ಇನ್ನೂ ನೌಕರಿಯಲ್ಲಿದ್ದಾರೆ. ಧಡೂತಿ ಆಳು, ಅಂಗೈ ಒಂದೊಂದೂ ರೊಟ್ಟಿ ಹಂಚಿನಷ್ಟು ಅಗಲ. ಅಡಿಗೆಯ ಈರಮ್ಮ ಹಸಿ ಗೋಣಿಚೀಲ ತಂದು ಬಾನೆಟ್ ಮೇಲೆ ಹಾಸಿದಳು, ಟ್ರೇಗಳು ಅದರ ಮೇಲೆ ಕೂತವು. ಹೆಡ್ ಮಾಸ್ತರರು ಕನ್ನಡಕ ಏರಿಸಿ ಒಂದೊಂದೇ ತತ್ತಿಯನ್ನು ಬಿಸಿಲಿಗೆ ಹಿಡಿದರು, ತಿರುಗಿಸಿದರು, ಕಿವಿಯ ಹತ್ತಿರ ಅಲುಗಿಸಿದರು. ತತ್ತಿ ಅವರಿಗೆ ಏನು ಹೇಳುತ್ತಿತ್ತೋ ದೇವರಿಗೇ ಗೊತ್ತು. ಸುಜಾತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಕೊನೆಯ ಟ್ರೇಯೂ ಮುಗಿಯಿತು.

"ಒಂದೂ ಒಡದಿಲ್ಲಲ್ವಾ!" ಹೆಡ್ ಮಾಸ್ತರರಿಗೆ ಸ್ವಲ್ಪ ಬೇಸರವೇ ಆದಂತಿತ್ತು. "ಏನ್ ಮಾಡ್ಸೀದಿ ಗಾಡಿಗಿ?"

"ಮುಂದಿನ ಸಸ್ಪೆನ್ಷನ್ ಅಪ್‌ಗ್ರೇಡ್ ಆಗ್ಯಾದ್ರಿ ಸರ. ಇವ್ರೇ ಮೇಸ್ತ್ರಿ" ಎಂದು ಸುಜಾತಾ ನನ್ನನ್ನು ತೋರಿಸಿದಳು.

ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಕೈ ಮುಂದೆ ಹೋಯಿತು. ನನ್ನ ಆಣೆಗೂ ನಾನು ಕಳಿಸಲಿಲ್ಲ, ಅದೇ ಹೋಯಿತು. ಆದರೆ ಹಗುರವಾಗಿ ಒತ್ತಿದೆ, ಒಂದೇ ಸಲ. ಮೂತಿ ನಯವಾಗಿ ಇಳಿದು, ನಯವಾಗಿ ಎದ್ದು, ಸುಮ್ಮನೆ ಕೂತಿತು. ಟ್ರೇಗಳೂ ಅದರ ಜೊತೆ ಇಳಿದು ಎದ್ದವು, ಒಂದು ತತ್ತಿಯೂ ಮಿಸುಕಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಚಂದದ ಒತ್ತು ನಾನು ಒತ್ತಿಲ್ಲ.

"ಭಾರಿ ಅದಲ್ರೀ!" ಎಂದರು ಹೆಡ್ ಮಾಸ್ತರರು.

ಅವರ ಬಲಗೈ ಮೇಲೇಳುವುದನ್ನು ನಾನು ಕಂಡೆ. ಸುಜಾತಾಳೂ ಕಂಡಳು. "ಸರ, ಬ್ಯಾಡ್ರಿ!" ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ಅಷ್ಟರಲ್ಲಿ ರೊಟ್ಟಿ ಹಂಚಿನಂಥ ಎರಡೂ ಅಂಗೈಗಳು ಬಾನೆಟ್ ಮೇಲೆ ಬಿದ್ದಿದ್ದವು. ಮೂತಿ ನೆಲ ಮುಟ್ಟುವ ಹಾಗೆ ಬಾಗಿ ಮೇಲೆ ಬಂತು. ಇಳಿಜಾರಿನ ಬಾನೆಟ್, ಹಸಿ ಗೋಣಿಚೀಲ, ಅಂಚಿನ ಟ್ರೇ ಮೆಲ್ಲಗೆ, ಬಹಳ ಮರ್ಯಾದೆಯಿಂದ ಜಾರಿ, ಹೆಡ್ ಮಾಸ್ತರರ ಬಿಳಿ ಪ್ಯಾಂಟಿನ ಮೇಲೆ ಇಳಿಯಿತು.

ಕಿಟಕಿಯ ತುಂಬ ಮಕ್ಕಳ ಮುಖ. ಸುಜಾತಾ ನೆಲದ ಮೇಲೆ ಕೂತು, ಒಡೆಯದೆ ಉಳಿದವು ಇವೆಯೇ ಎಂದು ಟ್ರೇ ಕೆದಕತೊಡಗಿದಳು. ಮುಗಿಯಿತು, ಈ ಹುಡುಗಿಯನ್ನು ನಾನೇ ಮತ್ತೆ ಸೀರೆ ಅಂಗಡಿಗೆ ಕಳಿಸಿದೆ ಎಂದುಕೊಂಡೆ. ಮೊದಲು ಒತ್ತಿದವನು ನಾನೇ ತಾನೆ? ಅಳುವೇ ಬಂತು ನನಗೆ.

ನಮ್ಮ ಕೂಗಿಗೆ ಉಸ್ತಾದ್ ಎಚ್ಚರಗೊಂಡು ಟ್ರೇ ಸಮೇತ ಇಳಿದರು. ಬಿಳಿ ಪ್ಯಾಂಟನ್ನು ನೋಡಿದರು, ನೆಲವನ್ನು ನೋಡಿದರು, ತಮ್ಮ ಕೈಯಲ್ಲಿದ್ದ ಟ್ರೇಯನ್ನು ನೋಡಿದರು. ಅದರಲ್ಲಿ ಒಂದೂ ಒಡೆದಿರಲಿಲ್ಲ. ಹೆಡ್ ಮಾಸ್ತರರ ಹತ್ತಿರ ಹೋಗಿ, ಒಬ್ಬ ದೊಡ್ಡ ಮನುಷ್ಯ ಇನ್ನೊಬ್ಬರನ್ನು ಕೇಳುವ ಹಾಗೆ ಕೇಳಿದರು, "ಸಾಬ್, ರಾಯಚೂರಿಂದ ಇಲ್ಲಿತನಕ ಒಡೀಲಾರದ್ದು ನಿಮ್ಮ ಮುಂದ ಬಂದು ಯಾಕ ಒಡೀತ್ರಿ?"

ಹೆಡ್ ಮಾಸ್ತರರು ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಕಿಟಕಿಯಿಂದ ಯಾವುದೋ ಮಗು ಕಿಸಕ್ಕೆಂದಿತು. ಈರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಆಮೇಲೆ ಹೆಡ್ ಮಾಸ್ತರರೇ ನಗಲು ಶುರು ಮಾಡಿದರು. ನಗುತ್ತ ನಗುತ್ತಲೇ ಪೆನ್ನು ತೆಗೆದು, ಎಲ್ಲವೂ ಸರಿಯಾಗಿ ಮುಟ್ಟಿವೆ ಎಂದು ಸಹಿ ಹಾಕಿದರು. "ಏಳವ್ವಾ ಸುಜಾತಾ. ಮುಂದಿನ ವರ್ಷನೂ ನೀನ ತತ್ತಿ ತರಬೇಕು, ಸಾವ್ಕಾರ್ರಿಗಿ ನಾನ ಹೇಳ್ತೀನಿ. ಆದ್ರ ಈ ಮೇಸ್ತ್ರಿನ್ನ ಮಾತ್ರ ಮತ್ತ ಕರ್ಕೊಂಡು ಬರಬ್ಯಾಡ" ಎಂದರು. ಉಸ್ತಾದ್ ತಮ್ಮ ಟ್ರೇಯನ್ನು ಗಾಡಿಯಿಂದ ದೂರ ಶಾಲೆಯ ಮೆಟ್ಟಿಲ ಮೇಲಿಟ್ಟು, ಒಡೆದವುಗಳ ಬದಲು ಇವು ಮಕ್ಕಳಿಗೆ ಎಂದು ಹೇಳಿ, ಈರಮ್ಮ ಬಂದು ಒಯ್ಯುವವರೆಗೂ ಕಾವಲು ನಿಂತರು.

ವಾಪಸ್ ಬರುವಾಗ ಉಸ್ತಾದ್ ತಮ್ಮ ಪೈಜಾಮವನ್ನು ಮತ್ತೆ ಮತ್ತೆ ನೋಡಿಕೊಂಡರು. ರಾಯಚೂರು ಕಾಣಿಸಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿ, "ಮಲ್ಲ್ಯಾ, ನನ್ನ ಗಾಡಿಗೂ ಇಂಥಾ ಸ್ಪ್ರಿಂಗ್ ಹಾಕು. ಗ್ಯಾರೇಜಿನ್ಯಾಗ ಬ್ಯಾಡ, ಮನಿ ಹಿಂದ ಹಾಕು" ಎಂದು ನನಗೆ ಹೇಳಿದರು.

ನಾನು ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ಸುಜಾತಾ ದೇವದುರ್ಗದ ಲೈನ್ ಮುಗಿಸಿ ವಾಪಸ್ ಬರುವಾಗ ಆಗಾಗ ನಮ್ಮ ಓಣಿಗೆ ಬರುತ್ತಾಳೆ. ಹೋಗುವಾಗ ಮಾತ್ರ ಅಪ್ಪಿತಪ್ಪಿಯೂ ಈ ಕಡೆ ಹಾಯುವುದಿಲ್ಲ. ಮೊನ್ನೆ ಮಧ್ಯಾಹ್ನ ಹಾರ್ನ್ ಕೇಳಿ ಕೋಲೂರಿಕೊಂಡು ಹೊರಗೆ ಬಂದೆ. ಗಾಡಿ ಬಾಗಿಲ ಮುಂದೆ ನಿಂತಿತ್ತು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅದರ ಮೂತಿ ನೋಡುತ್ತ ನಿಂತೆ. ಅವಳು ಎಡಗಡೆಯ ಬಾಗಿಲು ತೆಗೆದು, ಹತ್ತಿಯ ಹಾಸಿಗೆಯನ್ನು ಎತ್ತಿ ಜಾಡಿಸಿ ತೋರಿಸಿದಳು.

"ಖಾಲಿ ಅದ ಮೇಸ್ತ್ರಿ. ಒತ್ರಿ, ಒತ್ರಿ" ಎಂದಳು.